ಯುಕ್ತಿಗೆ ಎಡೆಯಿಲ್ಲದ ಆಟಕ್ಕೆ ಯುಕ್ತಿಯ ಪಾಠವೇಕೆ?



ಯುರೋಪಿನ ಕ್ಯಾಸಿನೋಗಳಲ್ಲಿ ಆಡುವ ಇಸ್ಪೀಟಿನಾಟಗಳನ್ನು ಗೆಲ್ಲುವ ‘ತಂತ್ರ’ ಕಲಿಸುತ್ತೇವೆಂದು ಹೇಳುವ ಪುಸ್ತಕಗಳೂ ಅಂತರ್ಜಾಲ ಪುಟಗಳೂ ಇಂದು ಲೆಕ್ಕವಿಲ್ಲದಷ್ಟಿವೆ. ಆ ದೇಶಗಳಲ್ಲಿ ನೆಲೆಸಿರುವ ನಿಮ್ಮಲ್ಲಿ ಕೆಲವರು ಅವುಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ದೀರಿ. ಜೂಜು ಪಾಪವೆಂಬ ಉಪದೇಶವನ್ನು ನಾನಿಲ್ಲಿ ಮಾಡಹೊರಟಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಗಣಿತ ಬೋಧಿಸಿದವನಾಗಿ ನನ್ನ ಆಕ್ಷೇಪಣೆ ಬೇರೆಯೇ: ಅಲ್ಲಿ ‘ತಂತ್ರ’ವೆಂಬ ಮಾತೇ ಬಹುಮಟ್ಟಿಗೆ ವಂಚನೆ.

ಪುಂಟೋ ಬಾಂಕೋ ಎಂಬ ಬ್ಯಾಕರಾ ಆಟವನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಎಂಟು ಕಟ್ಟುಗಳ 416 ಎಲೆಗಳನ್ನು ಕಲಸಿ, ‘ಆಟಗಾರ’, ‘ಬ್ಯಾಂಕರ್’ ಎಂಬ ಎರಡು ಪಕ್ಷಗಳಿಗೆ ತಲಾ ಎರಡೆರಡು ಹಂಚುತ್ತಾರೆ. ಎಕ್ಕಕ್ಕೆ 1, ಹತ್ತು, ಗುಲಾಮ, ರಾಣಿ, ರಾಜರಿಗೆ ಸೊನ್ನೆ, ಮಿಕ್ಕವಕ್ಕೆ ಅವುಗಳ ಮುಖಬೆಲೆ. ಕೂಡಿದಾಗ ಬಿಡಿಸ್ಥಾನದ ಅಂಕವಷ್ಟೇ ಲೆಕ್ಕಕ್ಕೆ ಬರುತ್ತದೆ. 7 ಮತ್ತು 8 ಸೇರಿದರೆ 15 ಅಲ್ಲ, 5. ಯಾವ ಪಕ್ಷಕ್ಕಾದರೂ 8 ಅಥವಾ 9 ಬಂದರೆ ಮುಂದೆ ಎಲೆ ಹಂಚುವುದಿಲ್ಲ. ಇಲ್ಲವಾದರೆ ಆಟಗಾರನ ಪಕ್ಷ 5ರವರೆಗೆ ಮೂರನೆಯ ಎಲೆಯನ್ನು ಪಡೆಯಲೇಬೇಕು. 6 ಅಥವಾ 7 ಇದ್ದರೆ ಪಡೆಯಕೂಡದು. ಬ್ಯಾಂಕರ್ ಪಕ್ಷಕ್ಕೂ ಮೊದಲೇ ಗೊತ್ತುಮಾಡಿದ ಕೋಷ್ಟಕವಿದೆ. 9ಕ್ಕೆ ಹತ್ತಿರವಾದ ಪಕ್ಷ ಗೆಲ್ಲುತ್ತದೆ. ಹಣ ಕಟ್ಟುವವನು ನಿರ್ಧರಿಸಬೇಕಾದದ್ದು ಯಾವುದಕ್ಕೆ, ಎಷ್ಟು ಕಟ್ಟಬೇಕೆಂಬುದಷ್ಟೇ. ಇದರ ಫ್ರೆಂಚ್ ಸೋದರಿಯಾದ ಶೆಮಾಂ ದ ಫೆರ್ ಆಟದಲ್ಲಾದರೂ 5 ಬಂದವನಿಗೆ ಎಲೆ ಬೇಕೋ ಬೇಡವೋ ಎಂದು ಯೋಚಿಸುವ ಸ್ವಾತಂತ್ರ್ಯವುಂಟು. ಇಲ್ಲಿ ಅದೂ ಇಲ್ಲ.

ಲಾಭನಷ್ಟದ ಲೆಕ್ಕವೂ ಎಂದೋ ಮುಗಿದುಹೋಗಿದೆ. ಬ್ಯಾಂಕರ್ ಗೆದ್ದಾಗ ಮುರಿದುಕೊಳ್ಳುವ ಶೇಕಡ 5ರ ಕಮಿಷನ್ ಸೇರಿಸಿದರೆ, ಆ ಪಕ್ಷಕ್ಕೆ ಕಟ್ಟಿದ ಹಣದಲ್ಲಿ ಕ್ಯಾಸಿನೋಗೆ ಉಳಿಯುವುದು ಸರಾಸರಿ ಶೇಕಡ 1.06; ಆಟಗಾರನ ಪಕ್ಷಕ್ಕೆ ಕಟ್ಟಿದ್ದರಲ್ಲಿ ಶೇಕಡ 1.24. ಒಂದಕ್ಕೆ ಎಂಟರ ಆಸೆ ತೋರಿಸುವ ಸರಿಸಮದ ಪಣದಲ್ಲಿ ಶೇಕಡ 14ಕ್ಕೂ ಹೆಚ್ಚು. ‘ಸರಿಸಮಕ್ಕೆ ಕಟ್ಟಬೇಡ’ ಎಂಬ ಒಂದೇ ವಾಕ್ಯದಲ್ಲಿ ಈ ಆಟದ ಸಮಸ್ತ ತಂತ್ರವೂ ಅಡಕವಾಗಿದೆ. ಅದೂ ಕಡಿಮೆ ಸೋಲುವ ದಾರಿಯೇ ಹೊರತು ಗೆಲ್ಲುವ ದಾರಿಯಲ್ಲ.

ಆದರೂ ಅದೇ ಮೇಜಿನ ಬಳಿ ಹಿಂದಿನ ಫಲಿತಾಂಶಗಳನ್ನು ಬರೆದುಕೊಳ್ಳಲೆಂದು ಕಾಗದ, ಪೆನ್ಸಿಲುಗಳನ್ನು ಧರ್ಮಾರ್ಥವಾಗಿ ಕೊಡುತ್ತಾರೆ. ಎಲೆಗಳು ಹೊರಬಿದ್ದಂತೆ ಸಂಭವನೀಯತೆ ತುಸು ಬದಲಾಗುವುದೇನೋ ನಿಜ. ಆದರೆ ಯಾರು ಗೆದ್ದರೆಂಬ ಪಟ್ಟಿಯಿಂದ ಮುಂದಿನ ಫಲಿತಾಂಶ ತಿಳಿಯದು. ತಿಳಿಯುವಂತಿದ್ದರೆ ವ್ಯಾಪಾರಿಯು ತನ್ನ ಪೆಟ್ಟಿಗೆಯ ಬೀಗದ ಕೈಯನ್ನು ಗಿರಾಕಿಗೆ ಕೊಡುತ್ತಿದ್ದನೇ? ಸೋತಾಗಲೆಲ್ಲ ಪಣವನ್ನು ಇಮ್ಮಡಿ ಮಾಡೆಂಬ ಬೋಧನೆಯೂ ಇಂಥದೇ. 10 ಯೂರೋದಿಂದ ತೊಡಗಿ ಸತತವಾಗಿ ಎಂಟು ಬಾರಿ ಸೋತವನು ಕಳೆದುಕೊಂಡದ್ದು 2550. ಇನ್ನು 10 ಯೂರೋ ಲಾಭಕ್ಕಾಗಿ ಅವನು 2560 ಕಟ್ಟಬೇಕು. ಅಷ್ಟರಲ್ಲಿ ಮೇಜಿನ ಗರಿಷ್ಠ ಮಿತಿಯೋ ಅವನ ಜೇಬೋ ಅಡ್ಡ ಬಂದಿರುತ್ತದೆ.

“ಬ್ಲ್ಯಾಕ್‌ಜಾಕ್‌ನಲ್ಲಿ ಬುದ್ಧಿಗೆ ಬೆಲೆಯುಂಟಲ್ಲ ಮೇಷ್ಟ್ರೇ?” ಎಂದು ನೀವು ಕೇಳಬಹುದು. ಉಂಟು. ಎಲೆಗಳ ಲೆಕ್ಕವಿಟ್ಟು ಗೆಲ್ಲಬಹುದೆಂದು ಎಡ್ವರ್ಡ್ ಥಾರ್ಪ್ ಎಂಬ ಗಣಿತಜ್ಞರು 1962ರಲ್ಲಿಯೇ ಪುಸ್ತಕ ಬರೆದು ತೋರಿಸಿದರು. ಅದರ ಫಲವೇನು? ಕಟ್ಟುಗಳ ಸಂಖ್ಯೆ ಹೆಚ್ಚಿತು. ಲೆಕ್ಕವಿಡುವವರಿಗೆ ಬಾಗಿಲು ತೋರಿಸಲಾಯಿತು.

ಲಂಡನ್ನಿನ ನಿದರ್ಶನ ಇನ್ನೂ ಬೋಧಪ್ರದವಾದದ್ದು. 2012ರಲ್ಲಿ ಕ್ರಾಕ್‌ಫರ್ಡ್ಸ್ ಕ್ಯಾಸಿನೋದಲ್ಲಿ ಫಿಲ್ ಐವಿ ಎಂಬ ಆಟಗಾರ ಪುಂಟೋ ಬಾಂಕೋದಲ್ಲಿ ಸುಮಾರು 77 ಲಕ್ಷ ಪೌಂಡು ಗೆದ್ದ. ಎಲೆಗಳ ಬೆನ್ನಿನ ಚಿತ್ತಾರ ಎರಡು ಅಂಚುಗಳಲ್ಲಿ ಕೊಂಚ ಬೇರೆಯಾಗಿತ್ತು. ಅವನ ಜೊತೆಗಾತಿ ಮೂಢನಂಬಿಕೆಯ ನೆಪವೊಡ್ಡಿ, ಕೆಲವು ಎಲೆಗಳನ್ನು ತಿರುಗಿಸಿಡುವಂತೆ ಹಂಚುವಾಕೆಯನ್ನು ಕೇಳಿಕೊಂಡಳು, ಆಕೆ ಒಪ್ಪಿದಳು. ಗೆದ್ದ ಹಣವನ್ನು ಕ್ಯಾಸಿನೋ ಕೊಡಲಿಲ್ಲ. ಅದು ಮೋಸವೆಂದು 2017ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ನಾನು ಆ ತೀರ್ಪಿನ ವಿರುದ್ಧ ವಾದಿಸುತ್ತಿಲ್ಲ. ನೀವು ಗಮನಿಸಬೇಕಾದದ್ದು ಇಷ್ಟೇ: ಮೂಢನಂಬಿಕೆಯೆಂದು ತೋರಿದವರೆಗೆ ಅದಕ್ಕೆ ಆದರವಿತ್ತು, ತಂತ್ರವೆಂದು ತಿಳಿದೊಡನೆ ಹಣ ನಿಂತುಹೋಯಿತು.

ಆದುದರಿಂದ ನೇರವಾಗಿ ಹೇಳುತ್ತೇನೆ. ಜೂಜಿನ ಮನೆ ಸಂತೋಷದಿಂದ ಕಲಿಸಗೊಡುವ ತಂತ್ರ ಫಲಿಸದು. ಫಲಿಸುವ ತಂತ್ರವನ್ನು ಅದು ಬಹುಕಾಲ ಉಳಿಯಗೊಡದು. ಮನರಂಜನೆಗೆಂದು, ಟಿಕೆಟಿನ ಹಣವೆಂದು ಬಗೆದು ಸ್ವಲ್ಪ ಕಳೆದುಕೊಳ್ಳುವವನನ್ನು ನಾನು ಆಕ್ಷೇಪಿಸುವುದಿಲ್ಲ. ವಿದ್ಯೆಯೆಂದು ನಂಬಿ ದುಡಿಮೆಯ ಹಣ ಸುರಿಯುವವನಿಗಾಗಿ ಮಾತ್ರ ನನ್ನ ಮನಸ್ಸು ನೋಯುತ್ತದೆ. ಕೂಡುವುದು, ಕಳೆಯುವುದು, ಶೇಕಡಾವಾರು, ಇಷ್ಟನ್ನು ನೀವು ಪ್ರೌಢಶಾಲೆಯಲ್ಲೇ ಕಲಿತಿದ್ದೀರಿ. ಪಣ ಕಟ್ಟುವ ಮುನ್ನ ಒಮ್ಮೆ ಲೆಕ್ಕ ಹಾಕಿ ನೋಡಿ.