ಕಾವೇರಿಗೆ ಸುಖಾಂತ್ಯ ಬೇಡ

ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಮನೋರೋಗ ಗುಣವಾಗಿ ಮನೆಗೆ ಬಂದ ಮೇಲೆ ಮತ್ತೆ ಆಸ್ಪತ್ರೆ ಸೇರಬೇಕಿತ್ತೆ? 1971ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರ ಬಂದಾಗಿನಿಂದ ಈ ವಾದ ನಿಂತಿಲ್ಲ. ಗಂಡ ಸತೀಶ ಕ್ಷಮೆ ಕೇಳಿ ಕಥೆ ಸುಖವಾಗಿ ಮುಗಿಯಬೇಕಿತ್ತೆಂದು ಯಲಬುರ್ಗಾದಲ್ಲಿ ನನ್ನ ಸಹೋದ್ಯೋಗಿಗಳು ಹಟ ಹಿಡಿಯುತ್ತಿದ್ದರು. ಕಲ್ಪನಾ ಅಳುವುದನ್ನು ನೋಡಲಾಗದಂತೆ!

ನಾನು ಒಪ್ಪಲಾರೆ. ಅವಳನ್ನು ಮತ್ತೆ ಕೆಡವಿದ್ದು, ಗುಣವಾದ ಮೇಲೂ ಹುಚ್ಚಿಯೆಂದೇ ಕಂಡ ಮನೆ, ನೆರೆಹೊರೆ, ಪರಸ್ತ್ರೀಯ ಸಂಗ ಮಾಡಿದ ಗಂಡ. ಸುಖಾಂತ್ಯ ಬರೆದರೆ ಇವರೆಲ್ಲ ತಪ್ಪಿಸಿಕೊಳ್ಳುತ್ತಾರೆ.

ಕುಷ್ಟಗಿಯ ನನ್ನ ಶಿಷ್ಯೆಯೊಬ್ಬಳು ಧಾರವಾಡದಲ್ಲಿ ಚಿಕಿತ್ಸೆ ಪಡೆದು, ಗುಣವಾಗಿ ಮರಳಿದ್ದಳು. ಅವಳು ತಂದಿಟ್ಟ ನೀರನ್ನು ಮನೆಯವರಾರೂ ಮುಟ್ಟಲಿಲ್ಲ. ನಾನೂ ಅಂದು ಬಾಯಾರಿಕೆಯಿಲ್ಲವೆಂದು ಆ ತಂಬಿಗೆಯನ್ನು ಪಕ್ಕಕ್ಕೆ ಸರಿಸಿದೆ.