ಆನೆಯ ಹನ್ನೆರಡು ತಿಂಗಳು

ಊರ ಕಡೆಯಿಂದ ಬರುವ ಪತ್ರಿಕೆಗಳಲ್ಲಿ ಒಂದು ಸುದ್ದಿ ಆಗಾಗ ಕಣ್ಣಿಗೆ ಬೀಳುವುದುಂಟು: ದಾರಿ ತಪ್ಪಿ ಹೊಲಕ್ಕೆ ನುಗ್ಗಿದ ಕಾಡಾನೆ. ಪಾಪ, ಎಲ್ಲಿಗೋ ಹೊರಟದ್ದು ಎಲ್ಲಿಗೋ ಬಂದಿತಲ್ಲ ಎಂದುಕೊಂಡು ನಾವು ಪುಟ ತಿರುವುತ್ತೇವೆ. ಆದರೆ ಆನೆ ದಾರಿ ತಪ್ಪುವುದು ತೀರ ಅಪರೂಪ. ಯಾವ ತಿಂಗಳಲ್ಲಿ ತಾನು ಎಲ್ಲಿರಬೇಕೆಂಬುದನ್ನು ಅದು ಬಹು ಚೆನ್ನಾಗಿ ಬಲ್ಲದು. ಅದರ ಪಂಚಾಂಗವನ್ನು ಓದಲು ನಮಗೆ ಬರುವುದಿಲ್ಲ, ಅಷ್ಟೆ.

ವಲಸೆ ಎಂದೊಡನೆ ನಮ್ಮ ನೆನಪಿಗೆ ಬರುವುವು ಚಳಿಗಾಲದಲ್ಲಿ ಉತ್ತರದ ದೇಶಗಳಿಂದ ನಮ್ಮ ಕೆರೆಗಳಿಗೆ ಹಾರಿಬರುವ ಹಕ್ಕಿಗಳು. ಅವನ್ನು ಅಲ್ಲಿಂದ ಎಬ್ಬಿಸುವುದು ಹಿಮ. ನಮ್ಮ ಕಾಡುಗಳಲ್ಲಿ ಹಿಮವೆಲ್ಲಿ ಬಂತು? ಇಲ್ಲಿ ಪ್ರಾಣಿಗಳನ್ನು ನಡೆಸುವುದು ಮಳೆ. ಅದು ಎಲ್ಲಿ ಬಿತ್ತು, ಎಲ್ಲಿ ನಿಂತಿತು, ಯಾವ ಹುಲ್ಲು ಚಿಗುರಿತು, ಯಾವ ಹಳ್ಳ ಬತ್ತಿತು ಎಂಬುದರ ಮೇಲೆ ಆನೆಯ ವರ್ಷವೆಲ್ಲ ನಿಂತಿದೆ.

ಇದನ್ನು ಕಾಡಿನಲ್ಲಿಯೇ ಅಲೆದು ಕಂಡುಕೊಂಡವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀ ರಾಮನ್ ಸುಕುಮಾರ್ ಅವರು. 1981ರಿಂದ 1983ರ ವರೆಗೆ ಅವರು ಚಾಮರಾಜನಗರ ಮತ್ತು ಸತ್ಯಮಂಗಲದ ಕಾಡುಗಳಲ್ಲಿ ಆನೆಗಳ ಹಿಂದೆ ನಡೆದರು. ಬಿಳಿಗಿರಿರಂಗನ ಬೆಟ್ಟದಿಂದ ಹಾಸನೂರಿನತ್ತ ಇಳಿಯುವ ಸೀಮೆ ಅದು. ಅವರಿಗೆ ಕಂಡುಬಂದದ್ದು ಹೀಗೆ. ಜನವರಿಯಿಂದ ಏಪ್ರಿಲಿನ ವರೆಗೆ, ಬೆಟ್ಟದ ಇಳಿಜಾರಿನ ಎತ್ತರದ ಹುಲ್ಲು ಒಣಗಿ ಒರಟಾಗಿರುವಾಗ, ಆನೆಗಳು ಹೊಳೆಯ ಕಣಿವೆಗಳಲ್ಲಿ ಸೇರುತ್ತವೆ. ಅಲ್ಲಿ ನೀರೂ ಉಂಟು, ಒಣಹುಲ್ಲಿಗಿಂತ ಎಷ್ಟೋ ಹೆಚ್ಚು ಪ್ರೋಟೀನು ಇರುವ ಗಿಡಮರಗಳ ಸೊಪ್ಪೂ ಉಂಟು. ಆಗ ಒಂದೊಂದು ಚದರ ಕಿಲೋಮೀಟರಿನಲ್ಲಿ ಐದು ಆನೆಗಳ ವರೆಗೆ ಇರುವುದುಂಟು. ಮೇ ತಿಂಗಳಲ್ಲಿ ಮಳೆ ಬಿದ್ದು ಇಳಿಜಾರಿನ ಹುಲ್ಲು ಎಳೆಯದಾಗಿ ಚಿಗುರಿತೋ, ಹಿಂಡುಗಳು ಕಣಿವೆ ಬಿಟ್ಟು ಚದರಿ ಅತ್ತ ಹೋಗುತ್ತವೆ. ಆಗಸ್ಟು ಕಳೆಯುವಷ್ಟರಲ್ಲಿ ಆ ಹುಲ್ಲು ಬೆಳೆದು ನಾರಾಗುತ್ತದೆ. ಸೆಪ್ಟೆಂಬರಿನಿಂದ ಡಿಸೆಂಬರಿನ ವರೆಗೆ ಅವು ಇನ್ನೂ ತಗ್ಗಿಗೆ, ಗಿಡ್ಡ ಹುಲ್ಲಿನ ತೆರಪು ಕಾಡಿಗೆ ಇಳಿಯುತ್ತವೆ. ಹೀಗೆ ಸುತ್ತುವ ಒಂದು ಹಿಂಡಿಗೆ 105ರಿಂದ 320 ಚದರ ಕಿಲೋಮೀಟರುಗಳಷ್ಟು ನೆಲ ಬೇಕಾಗುತ್ತದೆ.

ಹಿಂಡಿಗೆ ಹಿರಿಯ ಹೆಣ್ಣಾನೆಯೇ ಯಜಮಾನಿ. ಬರಗಾಲದಲ್ಲಿಯೂ ಬತ್ತದ ಹೊಂಡ ಯಾವುದು, ಬೆಟ್ಟದ ಸಂದಿನಲ್ಲಿ ದಾಟುವ ಜಾಗ ಯಾವುದು ಎಂಬುದೆಲ್ಲ ಅವಳ ತಲೆಯಲ್ಲಿದೆ. ಮಕ್ಕಳು ಮೊಮ್ಮಕ್ಕಳು ಅವಳ ಹಿಂದೆ ನಡೆದು ಕಲಿಯುತ್ತವೆ.

ಈಗ ಹೊಲದ ಮಾತು. ಆನೆ ತಗ್ಗಿನ ಕಾಡಿಗೆ ಇಳಿಯುವ ತಿಂಗಳುಗಳೂ ಚಾಮರಾಜನಗರದ ಕಡೆ ರಾಗಿ ತೆನೆ ಬಿಡುವ ತಿಂಗಳುಗಳೂ ಒಂದೇ. ಆ ಹೊತ್ತಿಗೆ ಕಾಡಿನ ಹುಲ್ಲಿಗಿಂತ ರಾಗಿಯ ಪೈರಿನಲ್ಲಿ ಪ್ರೋಟೀನು, ಸುಣ್ಣ ಮತ್ತು ಉಪ್ಪಿನ ಅಂಶಗಳು ಹೆಚ್ಚಾಗಿರುತ್ತವೆಂದು ಸುಕುಮಾರ್ ಅವರು ಪರೀಕ್ಷಿಸಿ ತೋರಿಸಿದರು. ಮಕ್ಕಳೊಡನಿರುವ ತಾಯಂದಿರು ಸಾಮಾನ್ಯವಾಗಿ ಹಿಂಜರಿಯುತ್ತಾರೆ. ಹೆಚ್ಚಾಗಿ ನುಗ್ಗುವುವು ಸಲಗಗಳು. ಅತ್ತ ರೈತನೋ ಹೊಲದ ಅಟ್ಟಣೆಯ ಮೇಲೆ ರಾತ್ರಿಯೆಲ್ಲ ತಮಟೆ ಬಡಿಯುತ್ತ ಕೂತಿರುತ್ತಾನೆ. ಒಂದು ಕ್ಷಣ ಕಣ್ಣು ಮುಚ್ಚಿದರೆ ವರ್ಷದ ಮುದ್ದೆ ಹೋಯಿತು. ಕೆಲವು ರಾತ್ರಿ ಪ್ರಾಣವೂ ಹೋಗುವುದುಂಟು. ನಗರದಲ್ಲಿ ಕೂತು ಆನೆಯ ಪಕ್ಷ ವಹಿಸುವುದು ಸುಲಭ. ಅಟ್ಟಣೆಯ ಮೇಲಿರುವವನ ಸಂಕಟವನ್ನು ಮರೆತು ಆಡುವ ಮಾತಿಗೆ ನಾನಂತೂ ಬೆಲೆ ಕೊಡಲಾರೆ.

ಕಬಿನಿಯ ಕಥೆ ಬೇರೆ. ಕಾಕನಕೋಟೆಯ ಖೆಡ್ಡಾ ನಮ್ಮಲ್ಲಿ ಹಿರಿಯರಾದವರಿಗೆ ನೆನಪಿರಬೇಕು. ಕಡೆಯ ಖೆಡ್ಡಾ 1971ರಲ್ಲಿ ನಡೆಯಿತು. 1974ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಬಿನಿ ಅಣೆಕಟ್ಟು ಮುಗಿದಾಗ ಆ ಜಾಗವೆಲ್ಲ ನೀರಿನ ಕೆಳಗಾಯಿತು. ಆನೆಗಳಿಗೆ ಇದರಿಂದ ಕೆಡುಕಾಯಿತೆನ್ನೋಣವೇ? ದಟ್ಟ ಕಾಡೂ ಹಳೆಯ ಹಾದಿಗಳೂ ಮುಳುಗಿದುದು ನಿಜ. ಆದರೆ ಬೇಸಗೆಯಲ್ಲಿ ನೀರು ಇಳಿದಂತೆಲ್ಲ ಹಿನ್ನೀರಿನ ಅಂಚಿನ ಕೆಸರಿನಲ್ಲಿ ಹಸುರು ಹುಲ್ಲು ಎದ್ದಿತು. ಸುತ್ತಲ ಕಾಡೆಲ್ಲ ಒಣಗಿ ನಿಂತಾಗ ನಾಗರಹೊಳೆ, ಬಂಡೀಪುರ, ವಯನಾಡುಗಳ ಆನೆಗಳು ಅಲ್ಲಿ ನೂರಾರು ಕೂಡುತ್ತವೆ. ಹಳೆಯ ಪಂಚಾಂಗದಲ್ಲಿಲ್ಲದ ಒಂದು ತಂಗುದಾಣವನ್ನು ಅವು ಕೆಲವೇ ವರ್ಷಗಳಲ್ಲಿ ಸೇರಿಸಿಕೊಂಡುವು.

ಹೊಸದನ್ನು ಕಲಿಯಬಲ್ಲದು, ಸರಿ. ಆದರೆ ಮುಚ್ಚಿದ ಹಾದಿಯನ್ನು ತೆರೆಯುವುದು ಅದರ ಕೈಯಲ್ಲಿಲ್ಲ. ನೀಲಗಿರಿಯ ಬುಡದಲ್ಲಿ ಸೀಗೂರು ಎಂಬ ಬಯಲುಸೀಮೆಯಿದೆ. ಪಶ್ಚಿಮ ಘಟ್ಟದ ಆನೆ ಪೂರ್ವ ಘಟ್ಟದತ್ತ ಹೋಗಬೇಕಾದರೆ ಅದನ್ನು ದಾಟಬೇಕು. ಅಲ್ಲಿ ಎದ್ದ ವಿಹಾರಗೃಹಗಳ ವಿವಾದದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಆನೆಯ ಹಾದಿಯನ್ನೇ ಎತ್ತಿಹಿಡಿಯಿತು. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿಯ ಸಂಚಾರವನ್ನು ತಡೆದದ್ದು 2009ರಲ್ಲಿ. ದಿಂಬದ ಘಾಟಿಯಲ್ಲಿ 2022ರಲ್ಲಿ. ಇದರಿಂದ ಪ್ರಯಾಣಿಕರಿಗೆ ತೊಂದರೆಯಿಲ್ಲವೆಂದಲ್ಲ. ಆದರೂ ರಾತ್ರಿಯ ಆ ಕೆಲವು ಗಂಟೆಗಳನ್ನು ಬಿಟ್ಟುಕೊಡಲಾರದಷ್ಟು ಅವಸರ ನಮಗೇನಿದೆ?

ಚೆನ್ನೈ, ಕೊಯಮತ್ತೂರುಗಳಿಂದ ಮಕ್ಕಳ ಬೇಸಗೆಯ ರಜೆಗೆ ದಿಂಬದ 27 ತಿರುವುಗಳನ್ನು ಹತ್ತಿ ಊರು ಸೇರುವ ಕುಟುಂಬಗಳು ನಮ್ಮಲ್ಲಿ ಉಂಟು. ಏಪ್ರಿಲಿನಲ್ಲಿ ಆನೆಗಳು ನೀರಿನ ಬಳಿ, ಎಂದರೆ ಎಷ್ಟೋ ಕಡೆ ರಸ್ತೆಯ ಬಳಿಯೇ ಇರುತ್ತವೆಂಬುದನ್ನು ಅವರು ಗಮನದಲ್ಲಿಡಬೇಕು. ಕಾರು ನಿಲ್ಲಿಸಿ ಬಾಳೆಹಣ್ಣು ಎಸೆಯುವುದು ಬೇಡ, ಮಕ್ಕಳು ಎಷ್ಟು ಹಟ ಮಾಡಿದರೂ ಬೇಡ. ಹಾಸನೂರಿನ ಆಚೆ ಈಗಾಗಲೇ ಕೆಲವು ಆನೆಗಳು ಕಬ್ಬಿನ ಲಾರಿಗಳನ್ನು ಅಡ್ಡಗಟ್ಟಿ ಜಲ್ಲೆಗಳನ್ನು ಎಳೆದುಕೊಳ್ಳುವುದನ್ನು ಕಲಿತಿವೆ. ಡ್ರೈವರುಗಳೂ ಪೀಡೆ ತೊಲಗಲೆಂದು ಒಂದೆರಡು ಕಟ್ಟು ಎಸೆದು ಮುಂದೆ ಹೋಗುತ್ತಾರೆ. ರಸ್ತೆಯ ಅಂಚಿನಲ್ಲಿ ಲಾರಿಗೆ ಕಾಯುವ ತಾಯಿಯ ಪಕ್ಕದಲ್ಲಿ ಮರಿಯೂ ನಿಂತು ನೋಡುತ್ತಿರುತ್ತದೆ.