ಸಭಾಧ್ಯಕ್ಷರ ಪೀಠವೂ ನಮ್ಮ ಪಗಾರವೂ

ಶಾಸನಸಭೆಯ ಸಭಾಧ್ಯಕ್ಷರು ಯಾರು, ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ವಕೀಲರಿಗೂ ರಾಜಕಾರಣಿಗಳಿಗೂ ಬಿಟ್ಟ ವಿಷಯ. ಹೊಟೇಲಿನಲ್ಲಿ ದುಡಿಯುವವನಿಗೆ, ಗಿರಣಿಯಲ್ಲಿ ಮಗ್ಗದ ಮುಂದೆ ನಿಲ್ಲುವವನಿಗೆ ಅದರಿಂದ ಆಗಬೇಕಾದ್ದೇನು ಎಂದು ನಮ್ಮ ಬಂಧುಗಳಲ್ಲಿ ಕೆಲವರು ಕೇಳುವುದುಂಟು. ಈ ಪ್ರಶ್ನೆಗೆ ಉತ್ತರವು ನಾವಿರುವ ಈ ಮುಂಬಯಿಯ ಶಾಸನಸಭೆಯ ಇತಿಹಾಸದಲ್ಲಿಯೇ ಇದೆ. ವಾರದ ರಜೆ, ದಿನದ ಕೆಲಸದ ಗಂಟೆಗಳು, ಮುಷ್ಕರದ ಹಕ್ಕು ಇವೆಲ್ಲ ಆ ಸಭೆಯಲ್ಲಿ ವಾದ ವಿವಾದಗಳಾಗಿ ತೀರ್ಮಾನಗೊಂಡ ಸಂಗತಿಗಳು. ವಾದಿಸುವವರಿಗೆ ಬಾಯಿ ತೆರೆಯಲು ಅವಕಾಶ ಸಿಗುವುದೂ ಸಿಗದಿರುವುದೂ ಪೀಠದಲ್ಲಿ ಕುಳಿತವರ ಕೈಯಲ್ಲಿರುತ್ತದೆ.

ಒಂದು ಕಾಲಕ್ಕೆ ಗವರ್ನರರೇ ತಮ್ಮ ಕೌನ್ಸಿಲಿನ ಅಧ್ಯಕ್ಷತೆ ವಹಿಸುತ್ತಿದ್ದರು. ಆಳುವವರೂ ಅವರೇ, ಸಭೆ ನಡೆಸುವವರೂ ಅವರೇ. 1919ರ ಸುಧಾರಣೆಗಳ ಮೇರೆಗೆ 1921ರಲ್ಲಿ ಮುಂಬಯಿ ಲೆಜಿಸ್ಲೇಟಿವ್ ಕೌನ್ಸಿಲಿಗೆ ಬೇರೆ ಅಧ್ಯಕ್ಷರು ಬಂದರು. ಅವರು ಸರ್ ನಾರಾಯಣ ಚಂದಾವರಕರರು. ನಮ್ಮ ಉತ್ತರ ಕನ್ನಡದ ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿ, ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾಗಿದ್ದವರು. ಅವರನ್ನು ಗವರ್ನರರು ನೇಮಿಸಿದರು. ಮೊದಲ ನಾಲ್ಕು ವರ್ಷ ನೇಮಕ, ಅನಂತರ ಸದಸ್ಯರೇ ಆರಿಸಬೇಕು ಎಂದು ಕಾಯಿದೆಯಿತ್ತು. ಹೀಗೆ ಪೀಠವು ಮೆಲ್ಲಮೆಲ್ಲನೆ ಸರಕಾರದ ಕೈಯಿಂದ ಸಭೆಯ ಕೈಗೆ ಬಂತು. ಈ ಇತಿಹಾಸದ ತಿರುಳೇ ಅದು: ಪೀಠ ಸಭೆಯದು, ಸರಕಾರದ್ದಲ್ಲ.

1937ರಲ್ಲಿ 175 ಸದಸ್ಯರ ವಿಧಾನಸಭೆ ಏರ್ಪಟ್ಟು, ಅಹಮದಾಬಾದಿನ ಗಣೇಶ ವಾಸುದೇವ ಮಾವಳಂಕರರು ಸ್ಪೀಕರರಾದರು. ಮರುವರ್ಷವೇ ಕೈಗಾರಿಕಾ ವಿವಾದಗಳ ಮಸೂದೆ ಬಂತು. ಕೆಲವು ಬಗೆಯ ಮುಷ್ಕರಗಳನ್ನು ಅಪರಾಧವೆಂದು ಸಾರುವ ಮಸೂದೆ ಅದು. ತಂದವರು ಬಹುಮತವಿದ್ದ ಕಾಂಗ್ರೆಸ್ ಸರಕಾರದವರು. ಸ್ವತಂತ್ರ ಮಜೂರ ಪಕ್ಷದ ನಾಯಕರಾದ ಡಾ. ಅಂಬೇಡಕರರು ಕೆಲವೇ ಮಂದಿ ಸದಸ್ಯರ ಬಲದಿಂದ ಅದನ್ನು ಎದುರಿಸಿದರು. ಮುಷ್ಕರದ ಹಕ್ಕು ಸ್ವಾತಂತ್ರ್ಯದ ಹಕ್ಕಿಗಿಂತ ಬೇರೆಯಲ್ಲವೆಂದು ಸಭೆಯಲ್ಲಿ ನಿಂತು ವಾದಿಸಿದರು. ಮಸೂದೆ ಪಾಸಾಯಿತು, ನಿಜ. 1938ರ ನವೆಂಬರ್ 7ರಂದು ಕಾರ್ಮಿಕರು ಅದರ ವಿರುದ್ಧ ಒಂದು ದಿನದ ಮುಷ್ಕರ ಹೂಡಿದರು. ಆದರೆ ಸೋತವರ ಮಾತು ಸಭೆಯ ದಾಖಲೆಯಲ್ಲಿ ಉಳಿಯಿತು. ಇಂದಿಗೂ ಕಾರ್ಮಿಕರ ಹಕ್ಕಿನ ಮಾತು ಬಂದಾಗ ಜನ ಆ ಭಾಷಣವನ್ನು ಎತ್ತಿ ಹೇಳುತ್ತಾರೆ. ಅಲ್ಪಸಂಖ್ಯಾತರ ಮಾತನ್ನು ಬಹುಸಂಖ್ಯಾತರು ಕುಳಿತು ಕೇಳುವಂತೆ ಮಾಡುವುದು, ಅದೇ ಪೀಠದ ಕೆಲಸ. ಈ ಮಾವಳಂಕರರೇ ಮುಂದೆ 1952ರಲ್ಲಿ ಲೋಕಸಭೆಯ ಮೊದಲ ಸ್ಪೀಕರರಾದರು.

ಅವರ ತರುವಾಯ 1946ರಿಂದ 1952ರ ತನಕ ಕುಂದನಮಲ ಫಿರೋದಿಯಾ ಅವರು ಪೀಠದಲ್ಲಿದ್ದರು. ಗಿರಣಿ ಕಾಮಗಾರರ ಬದುಕನ್ನು ಹಲವು ದಶಕ ಆಳಿದ 1946ರ ಮುಂಬಯಿ ಔದ್ಯೋಗಿಕ ಸಂಬಂಧಗಳ ಶಾಸನವೂ, ಹೊಟೇಲು ಕೆಲಸಗಾರನಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿಯನ್ನೂ ವಾರಕ್ಕೊಂದು ರಜೆಯನ್ನೂ ಕೊಟ್ಟ 1948ರ ಅಂಗಡಿ ಮತ್ತು ಸಂಸ್ಥೆಗಳ ಶಾಸನವೂ ಹುಟ್ಟಿದ್ದು ಆ ಅವಧಿಯಲ್ಲಿ.

ಆಗ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ ಸೇರಿದ್ದವು. ಆದಕಾರಣ ಈ ಸಭೆ ಕನ್ನಡಿಗರ ಸಭೆಯೂ ಆಗಿತ್ತು. ವಿಜಾಪುರ ಜಿಲ್ಲೆಯ ಎಸ್. ಆರ್. ಕಂಠಿಯವರು ಇಲ್ಲಿ ಉಪಸಭಾಧ್ಯಕ್ಷರಾಗಿದ್ದು, 1956ರ ಏಕೀಕರಣವಾದ ಮೇಲೆ ವಿಶಾಲ ಮೈಸೂರು ವಿಧಾನಸಭೆಯ ಅಧ್ಯಕ್ಷರಾದರು. ಮುಂಬಯಿಯಲ್ಲಿ ಪಳಗಿದ ಕೈ ಬೆಂಗಳೂರಿನ ಪೀಠವನ್ನು ಹಿಡಿಯಿತು. ಅದೇ ಪೀಠಕ್ಕೆ 1972ರಲ್ಲಿ ಕೆ. ಎಸ್. ನಾಗರತ್ನಮ್ಮನವರು ಮೊದಲ ಮಹಿಳೆಯಾಗಿ ಬಂದರು. ಇತ್ತ 1960ರಲ್ಲಿ ಮಹಾರಾಷ್ಟ್ರ ರಾಜ್ಯವಾದಾಗ ಸಯಾಜಿ ಸಿಲಂ ಅವರು ಮೊದಲ ಸ್ಪೀಕರರಾದರು. ಮೇಲ್ಮನೆಯಲ್ಲಿ 1960ರಿಂದ 1978ರ ತನಕ ಸಭಾಪತಿಗಳಾಗಿದ್ದ ವಿ. ಸ. ಪಾಗೆಯವರನ್ನು ದುಡಿಯುವ ಜನ ಮರೆಯಬಾರದು. ಕೆಲಸ ಕೇಳಿದ ಹಳ್ಳಿಗನಿಗೆ ಸರಕಾರ ಕೆಲಸ ಕೊಡಲೇಬೇಕು ಎಂಬ ಉದ್ಯೋಗ ಖಾತ್ರಿ ಯೋಜನೆಯ ಜನಕರೆಂದು ಹೆಸರಾದವರು ಅವರು. ಅದು 1977ರಲ್ಲಿ ರಾಜ್ಯದ ಶಾಸನವಾಯಿತು. 2005ರಲ್ಲಿ ದೇಶಕ್ಕೇ ಅಂಥದೊಂದು ಶಾಸನ ಬಂತು. ಪಕ್ಷದ ಜಗಳದಿಂದ ದೂರ ಕುಳಿತವರು ಬಡವರ ಸಮೀಪ ಇರಬಲ್ಲರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪೀಠ ನಿರ್ಭಯವಾಗಿರಲೆಂದೇ ಸಂವಿಧಾನವು ಕೆಲವು ಕಟ್ಟುಪಾಡು ಮಾಡಿದೆ. ಸಭಾಧ್ಯಕ್ಷರ ಸಂಬಳ ವರ್ಷ ವರ್ಷ ಸಭೆಯ ಮತಕ್ಕೆ ಬೀಳುವುದಿಲ್ಲ. ಹದಿನಾಲ್ಕು ದಿನಗಳ ನೋಟೀಸು ಕೊಟ್ಟು, ಆಗಿರುವ ಒಟ್ಟು ಸದಸ್ಯರ ಬಹುಮತದಿಂದಲ್ಲದೆ ಅವರನ್ನು ಇಳಿಸುವಂತಿಲ್ಲ. ಮತಗಳು ಸಮನಾದಾಗ ಮಾತ್ರ ಅವರು ಮತ ಹಾಕಬೇಕು. 1985ರಲ್ಲಿ ಪಕ್ಷಾಂತರ ನಿಷೇಧ ಬಂದು, ಯಾವ ಶಾಸಕ ಉಳಿಯಬೇಕು, ಯಾವನು ಹೋಗಬೇಕು ಎಂದು ತೀರ್ಪು ಹೇಳುವ ಅಧಿಕಾರವೂ ಅವರ ಕೈಗೆ ಸೇರಿತು. ತೊಡಕು ಹುಟ್ಟಿದ್ದು ಅಲ್ಲಿ.

ಕರ್ನಾಟಕದಲ್ಲಿ 2010ರ ಅಕ್ಟೋಬರಿನಲ್ಲಿ ವಿಶ್ವಾಸಮತದ ಹಿಂದಿನ ದಿನ 16 ಶಾಸಕರು ಅನರ್ಹರಾದರು. ಮರುವರ್ಷ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದು ಮಾಡಿತು. 2019ರಲ್ಲಿ ಬೇರೆ ಪಕ್ಷದ ಸಭಾಧ್ಯಕ್ಷರು 17 ಮಂದಿಯನ್ನು ಅನರ್ಹಗೊಳಿಸಿದರು. ಕೋರ್ಟು ಅನರ್ಹತೆಯನ್ನು ಒಪ್ಪಿದರೂ, ಸಭೆಯ ಅವಧಿ ಮುಗಿಯುವ ತನಕ ಅವರು ಚುನಾವಣೆಗೆ ನಿಲ್ಲಕೂಡದೆಂಬ ಭಾಗವನ್ನು ತೆಗೆದುಹಾಕಿತು. ಮಹಾರಾಷ್ಟ್ರದಲ್ಲಿ ನಡೆದದ್ದು ಇದರ ತಿರುವುಮುರುವು. 2021ರ ಫೆಬ್ರುವರಿಯಲ್ಲಿ ಸ್ಪೀಕರರು ರಾಜೀನಾಮೆ ಕೊಟ್ಟ ಮೇಲೆ 2022ರ ಜುಲೈ ತನಕ ಆ ಸ್ಥಾನ ಖಾಲಿಯಿತ್ತು. ಉಪಸಭಾಧ್ಯಕ್ಷರೇ ಕೆಲಸ ನಡೆಸಿದರು. ಶಿವಸೇನೆ ಒಡೆದಾಗ ಬಂದ ಅನರ್ಹತೆಯ ಅರ್ಜಿಗಳು 2022ರಿಂದ ಕೊಳೆತು, ಸುಪ್ರೀಂ ಕೋರ್ಟು ಗಡುವು ಹಾಕಿದ ಮೇಲೆ 2024ರ ಜನವರಿ 10ರಂದು ತೀರ್ಮಾನವಾದವು. ಒಂದು ಕಡೆ ಕೆಲವೇ ದಿನಗಳ ಆತುರ, ಇನ್ನೊಂದು ಕಡೆ ಒಂದೂವರೆ ವರ್ಷದ ವಿಳಂಬ.

ಯಾವ ಪಕ್ಷ ಸರಿ, ಯಾವುದು ತಪ್ಪು ಎಂದು ತೂಗುವುದು ನಮ್ಮ ಉದ್ದೇಶವಲ್ಲ. ಎಲ್ಲ ಪಕ್ಷಗಳೂ ಆಳುವಾಗ ಒಂದು ಮಾತು, ವಿರೋಧದಲ್ಲಿರುವಾಗ ಇನ್ನೊಂದು ಮಾತು ಆಡಿವೆ. ಪಗಾರ ಬಾಕಿಯ ದಾವೆ ಹೂಡಿ ವರ್ಷಗಟ್ಟಲೆ ಕಾದ ಕಾರ್ಮಿಕನಿಗೆ ತಡವಾದ ತೀರ್ಪಿನ ರುಚಿ ಗೊತ್ತು. ತೀರ್ಪು ಬರುವಷ್ಟರಲ್ಲಿ ಧಣಿ ಅಂಗಡಿ ಮಾರಿ ಹೋಗಿರುತ್ತಾನೆ. ತಡಮಾಡುವುದೂ ಒಂದು ಪಕ್ಷ ವಹಿಸಿದಂತೆಯೇ.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಅನರ್ಹತೆಯ ಅರ್ಜಿಗೆ ಕಾಯಿದೆಯಲ್ಲಿಯೇ ಗಡುವು ಇರಬೇಕು. ಸಾಮಾನ್ಯವಾಗಿ ಮೂರು ತಿಂಗಳು ಸಾಕೆಂದು ಸುಪ್ರೀಂ ಕೋರ್ಟು 2020ರಲ್ಲಿಯೇ ಹೇಳಿದೆ. ಸ್ವತಂತ್ರ ನ್ಯಾಯಮಂಡಳಿಯೊಂದಕ್ಕೆ ಈ ಕೆಲಸ ವಹಿಸಬಹುದೇ ಎಂದು ಸಂಸತ್ತು ಯೋಚಿಸಬೇಕೆಂದೂ ಅದೇ ತೀರ್ಪು ಸೂಚಿಸಿತು. ಆ ಯೋಚನೆ ಆಗಲಿ. ಎರಡನೆಯದು, ಸಭಾಧ್ಯಕ್ಷರ ಸ್ಥಾನ ತಿಂಗಳುಗಟ್ಟಲೆ ಖಾಲಿ ಬೀಳಬಾರದು. ಮೂರನೆಯದು, ಕಾರ್ಮಿಕರಿಗೆ ಸಂಬಂಧಿಸಿದ ಯಾವ ಮಸೂದೆಯೂ ಗದ್ದಲದ ನಡುವೆ ಚರ್ಚೆಯಿಲ್ಲದೆ ಪಾಸಾಗಕೂಡದು. ಮತ ಕೇಳಲು ನಮ್ಮ ಚಾಳುಗಳಿಗೆ ಬರುವ ಉಮೇದುವಾರರನ್ನು ನೀರು, ರಸ್ತೆಗಳ ಜೊತೆಗೆ ಇದನ್ನೂ ಕೇಳಿರಿ.

ಕೇಳುವ ಹಕ್ಕು ಬರಬೇಕಾದರೆ ನಮ್ಮ ಮನೆಯೂ ಶುದ್ಧವಿರಬೇಕು. ಸಂಘದ ಮಹಾಸಭೆಯಲ್ಲಿ ಅಧ್ಯಕ್ಷತೆ ವಹಿಸಿದವರು ತಮ್ಮ ಗುಂಪಿನವರಿಗೆ ಹತ್ತು ನಿಮಿಷ ಕೊಟ್ಟು, ಎದುರು ಮಾತಾಡುವ ಪಾತ್ರೆ ತೊಳೆಯುವ ಹುಡುಗನನ್ನು ಒಂದೇ ನಿಮಿಷಕ್ಕೆ ಕೂರಿಸಿದರೆ, ವಿಧಾನಭವನದ ಕಡೆ ಬೆರಳು ತೋರಿಸಲು ನಮಗೆ ಮುಖವಿರದು. ಲೆಕ್ಕಪತ್ರದ ಮೇಲೆ ಆ ಹುಡುಗ ಕೇಳುವ ಪ್ರಶ್ನೆ ಅಧ್ಯಕ್ಷರಿಗೆ ಕಹಿಯಾದರೂ ಆಗಲಿ, ಅವನು ಅದನ್ನು ಪೂರ್ತಿ ಕೇಳಿ ಮುಗಿಸಲಿ; ಉತ್ತರವೂ ಸಭೆಯ ವರದಿಯೊಳಗೆ ಬರೆದಿರಲಿ.